ಬಾವಲಿಯ ಬಾಯಿಗೆ ಒರೆಸಿದ ಮೊಸರು

ಕೋಲಾರ, ರಾಮನಗರ, ಚಿಕ್ಕಬಳ್ಳಾಪುರದ ಕಡೆ ಮಾವಿನ ಫಸಲು ಕೈಕೊಟ್ಟ ವರ್ಷ ಕಾರಣಗಳ ಪಟ್ಟಿಯೊಂದು ತಾನಾಗಿಯೇ ಸಿದ್ಧವಾಗುತ್ತದೆ. ಹೂ ಬಿಡುವ ಹೊತ್ತಿಗೆ ಕವಿದ ಮೋಡ, ಜಿಗಿಹುಳು, ಬೂದಿರೋಗ, ಏಪ್ರಿಲಿನ ಆಲಿಕಲ್ಲು, ಮಂಡಿಯಲ್ಲಿ ಕುಸಿದ ದರ. ಈ ಪಟ್ಟಿಯ ಕೊನೆಗೆ, ಆದರೆ ಎಲ್ಲಕ್ಕಿಂತ ದೊಡ್ಡ ದನಿಯಲ್ಲಿ, ಕೋತಿ ಮತ್ತು ಬಾವಲಿಗಳ ಹೆಸರು ಬರುತ್ತದೆ. ಮೋಡವನ್ನು ಬೈದು ಆಗುವುದೇನೂ ಇಲ್ಲ. ಕೋತಿಯನ್ನಾದರೆ ಬೈಯಬಹುದು, ಪಟಾಕಿ ಸಿಡಿಸಿ ಓಡಿಸಬಹುದು, ಹಿಡಿಸಿ ಇನ್ನೊಂದು ಊರಿನ ಎಲ್ಲೆಯಲ್ಲಿ ಬಿಟ್ಟುಬರಬಹುದು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಕೇಳುವುದು ಇದೇ ಮಾತು: ಇವು ವಿಪರೀತ ಹೆಚ್ಚಿಬಿಟ್ಟಿವೆ. ಊರಿನ ಪ್ರಾಣಿಗಳು ಹೆಚ್ಚಿದ್ದರಿಂದ ತೋಟದ ಹಣ್ಣು ಕಡಿಮೆಯಾಯಿತು ಎಂಬ ಈ ಸರಳ ಲೆಕ್ಕ ತಪ್ಪು ಎನ್ನುವುದಕ್ಕೆ ಇಂದು ಸಾಕಷ್ಟು ಪುರಾವೆಗಳಿವೆ. ಪ್ರಾಣಿಗಳು ಊರೊಳಗೆ ಬರುತ್ತಿರುವುದಕ್ಕೂ ಹಣ್ಣು ಕಡಿಮೆಯಾಗುತ್ತಿರುವುದಕ್ಕೂ ಬೇರು ಬಹುಮಟ್ಟಿಗೆ ಒಂದೇ. ಅದು ಬೇಲಿಯ ಆಚೆ, ಬದಲಾದ ಮರಗಳಲ್ಲಿ, ಗಾಳಿಯಲ್ಲಿ, ರಾತ್ರಿಯಲ್ಲಿ ಇದೆ.

ಹೆಚ್ಚಿವೆಯೋ ಇಲ್ಲವೋ ಎಂಬುದನ್ನು ಎಣಿಸಿ ನೋಡಿದವರಿದ್ದಾರೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ದಕ್ಷಿಣ ಕರ್ನಾಟಕದ ರಸ್ತೆಬದಿಯ ಕೋತಿಗಳ ಲೆಕ್ಕವನ್ನು 1989ರಿಂದ ಮತ್ತೆ ಮತ್ತೆ ತೆಗೆದಿದ್ದಾರೆ. ಇವು ದೂರದ ಕಾಡಿನ ಯಾವುದೋ ಅಪರೂಪದ ಜಾತಿಯಲ್ಲ, ನೆತ್ತಿಯ ಕೂದಲು ಟೋಪಿಯಂತೆ ಹರಡಿಕೊಂಡ, ನಮ್ಮ ದೇವಸ್ಥಾನಗಳ ಮೆಟ್ಟಿಲ ಮೇಲೆ ಕೂತಿರುವ ಮಾಮೂಲಿ ಕೋತಿಗಳೇ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು 25 ವರ್ಷಗಳಲ್ಲಿ ಅವುಗಳ ಸಂಖ್ಯೆ ಶೇ 65ಕ್ಕೂ ಹೆಚ್ಚು ಇಳಿದಿದೆ. ಅಲ್ಲಿಯವರೆಗೆ ಕೆಂಪುಪಟ್ಟಿಯಲ್ಲಿ ಚಿಂತೆಗೆ ಕಾರಣವಿಲ್ಲದ ಪ್ರಾಣಿ ಎನಿಸಿಕೊಂಡಿದ್ದ ಈ ಕೋತಿ ಈಗ ಅಪಾಯಕ್ಕೆ ಗುರಿಯಾಗಬಲ್ಲ ಜಾತಿಗಳ ಸಾಲಿಗೆ ಸೇರಿದೆ. ಸಂಖ್ಯೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತಿದ್ದ ಅದೇ ಕಾಲದಲ್ಲಿ ದೂರುಗಳು ಏರುತ್ತಾ ಹೋದವು. ಎರಡೂ ನಿಜವಾಗಿರಲು ಸಾಧ್ಯವೇ ಎಂದರೆ, ಸಾಧ್ಯ. ಆ ಕೋತಿಗಳು ಬದುಕಿದ್ದದ್ದು ಹೆದ್ದಾರಿಯ ಇಕ್ಕೆಲದ ಆಲದ ಮರಗಳ ಮೇಲೆ. ರಸ್ತೆ ಅಗಲವಾದಾಗ ಆಲ ಉರುಳಿತು. ಉಳಿದ ಕೋತಿಗಳು ಎಲ್ಲಿ ಅನ್ನ ಸಿಗುತ್ತದೋ ಅಲ್ಲಿಗೆ ಹೋದವು, ಅಂದರೆ ದೇವಸ್ಥಾನಕ್ಕೆ, ಪ್ರವಾಸಿ ತಾಣಕ್ಕೆ, ತೋಟಕ್ಕೆ, ಬಾಲ್ಕನಿಗೆ. ಹರಡಿಕೊಂಡಿದ್ದಾಗ ಕಣ್ಣಿಗೆ ಬೀಳದ ನೂರು ಕೋತಿಗಳಿಗಿಂತ ಒಂದೇ ಕಡೆ ಗುಂಪುಗೂಡಿದ ಮೂವತ್ತು ಕೋತಿಗಳು ಹೆಚ್ಚಾಗಿ ಕಾಣುತ್ತವೆ. ಮುದುಕರ ಬಗ್ಗೆ ಹೇಳುವ ಮಾತನ್ನು ಇಲ್ಲಿ ತಿರುಗಿಸಿಯೇ ಹೇಳಬೇಕು: ಕಾಡು ಹೋಗು ಅನ್ನುತ್ತದೆ, ಊರೇನೂ ಬಾ ಅನ್ನುವುದಿಲ್ಲ.

ರಸ್ತೆಬದಿಯ ಆಲ ಹೋದರೆ ಹೋಗಲಿ, ಬೇರೆ ಮರ ನೆಟ್ಟರಾಯಿತು ಎನ್ನುವವರು ಆಲದ ಕೆಲಸವನ್ನು ಪೂರ್ತಿ ತಿಳಿದಿಲ್ಲ. ಆಲ, ಅತ್ತಿ, ಅರಳಿ, ಬಸರಿ, ಗೋಣಿ ಎಲ್ಲವೂ ಒಂದೇ ಕುಲ. ಇವುಗಳ ಹೂ ಇರುವುದು ಕಾಯಿಯ ಒಳಗೆ, ಅದಕ್ಕೆ ಪರಾಗಸ್ಪರ್ಶ ಮಾಡಬಲ್ಲದ್ದು ಕೆಲವೇ ದಿನ ಬದುಕುವ ಪುಟ್ಟ ಕಣಜ. ಊರಿನ ಎಲ್ಲ ಆಲಗಳೂ ಒಟ್ಟಿಗೆ ಕಾಯಿ ಬಿಟ್ಟು ಒಟ್ಟಿಗೆ ಸುಮ್ಮನಾದರೆ ಆ ಕಣಜಕ್ಕೆ ಮುಂದಿನ ಕಾಯಿ ಸಿಗದೆ ಅದರ ಸಂತತಿಯೇ ಅಳಿಯುತ್ತದೆ. ಆದ್ದರಿಂದ ಒಂದು ಮರ ಈ ತಿಂಗಳು, ಇನ್ನೊಂದು ಮುಂದಿನ ತಿಂಗಳು ಎಂದು ಇವು ಸರದಿಯಂತೆ ಹಣ್ಣಾಗುತ್ತವೆ. ಮಾವು, ನೇರಳೆ, ಹಲಸು ಮುಗಿದುಹೋದ ತಿಂಗಳುಗಳಲ್ಲೂ ಎಲ್ಲೋ ಒಂದು ಗೋಣಿಮರ ಹಣ್ಣು ಹೊತ್ತು ನಿಂತಿರುತ್ತದೆ. ಹಕ್ಕಿ, ಅಳಿಲು, ಕೋತಿ, ಬಾವಲಿಗಳಿಗೆ ವರ್ಷವಿಡೀ ತೆರೆದಿರುವ ಅನ್ನಛತ್ರ ಇದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದರ ಜತೆಗೆ ಇನ್ನೊಂದು ವ್ಯವಸ್ಥೆಯೂ ಇತ್ತು, ಗುಂಡುತೋಪು. ಮಾವು, ಹಲಸು, ಹುಣಸೆ, ನೇರಳೆ, ಹೊಂಗೆ, ಹಿಪ್ಪೆ ಸೇರಿದ, ಊರಿಗೆಲ್ಲ ಸೇರಿದ ತೋಪು ಅದು. ಬೆಂಗಳೂರಿನ ಅಂಚಿನ ಗುಂಡುತೋಪುಗಳನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಸೀಮಾ ಮುಂಡೋಳಿ, ಹರಿಣಿ ನಾಗೇಂದ್ರ ಮತ್ತಿತರರು ಅಧ್ಯಯನ ಮಾಡಿದ್ದಾರೆ. ನಗರ ಹತ್ತಿರವಾದಂತೆ ತೋಪಿನ ಜಾಗ ಕಟ್ಟಡಕ್ಕೋ ರಸ್ತೆಗೋ ಹೋಗುವುದು ಅವರು ಕಂಡ ಕತೆ. ಕಂದಾಯ ದಾಖಲೆಯಲ್ಲಿ ಅದು ಬರೀ ಸರ್ಕಾರಿ ಜಾಗ. ಹಿಪ್ಪೆಯ ಹೂವಿಗಾಗಿ ರಾತ್ರಿ ಬರುತ್ತಿದ್ದ ಬಾವಲಿಯ ಹೆಸರು ಯಾವ ಪಹಣಿಯಲ್ಲೂ ಇಲ್ಲ.

ನಗರದೊಳಗಿನ ಕತೆ ಇನ್ನೂ ಬಿಗಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದ ತೆಗೆದ ಲೆಕ್ಕದಂತೆ, 1970ರ ದಶಕದಿಂದ ಸುಮಾರು ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಕಟ್ಟಡ ಪ್ರದೇಶ ಶೇ 584ರಷ್ಟು ಬೆಳೆದಿದೆ. ಹಸಿರು ಶೇ 66ರಷ್ಟು, ಜಲಮೂಲ ಶೇ 74ರಷ್ಟು ಕುಗ್ಗಿವೆ. ಉಳಿದ ಹಸಿರಾದರೂ ಎಂಥದ್ದು ಎಂಬ ಪ್ರಶ್ನೆಯೂ ಇದೆ. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ತೋಟಗಾರ ಕೃಂಬಿಗಲ್ ಒಂದಾದ ಮೇಲೊಂದು ಬೀದಿ ವರ್ಷವಿಡೀ ಹೂ ಬಿಡುವಂತೆ ಸಾಲುಮರಗಳನ್ನು ಯೋಜಿಸಿದರು. ನಗರದ ಅಂದಕ್ಕೆ ಅವರ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ನಂತರ ಬಂದವರಿಗೆ ಆ ಯೋಜನೆಯ ಹೂ ಮಾತ್ರ ನೆನಪುಳಿಯಿತು. ಟಬೂಬಿಯ, ಜಕರಂಡ, ಗುಲ್‌ಮೊಹರ್ ಕ್ಯಾಮೆರಾಗಳಿಗೆ ಹಬ್ಬ. ಹಣ್ಣು ತಿನ್ನುವ ಬಾಯಿಗೆ ಅವುಗಳಲ್ಲಿ ಏನೂ ಇಲ್ಲ. ಯಾರೂ ಮೆಚ್ಚಿ ಹೊಗಳದ ಗಸಗಸೆ ಹಣ್ಣಿನ ಮರವೇ ಇವತ್ತು ಬೆಂಗಳೂರಿನ ಗಲ್ಲಿಗಳಲ್ಲಿ ಸಣ್ಣ ಬಾವಲಿ ಮತ್ತು ಹಕ್ಕಿಗಳನ್ನು ಸಾಕುತ್ತಿದೆ. ಅದೂ ಹೊರಗಿನಿಂದ ಬಂದದ್ದೇ, ಆದ್ದರಿಂದ ನಮ್ಮ ಮರ, ಪರದೇಶಿ ಮರ ಎಂಬ ಜಗಳದಿಂದ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಯಾವ ತಿಂಗಳು ಯಾವ ಮರ ಯಾರಿಗೆ ಊಟ ಕೊಡುತ್ತದೆ ಎಂಬುದಷ್ಟೇ ಕೇಳಬೇಕಾದದ್ದು. ಊಟದ ಜತೆಗೆ ಮರದಿಂದ ಮರಕ್ಕೆ ದಾರಿಯೂ ಬೇಕು ಎನ್ನುವುದಕ್ಕೆ ವಿಜ್ಞಾನ ಸಂಸ್ಥೆಯ ಆವರಣದಂಥ ಹಳೆಯ ಕ್ಯಾಂಪಸ್ಸುಗಳಲ್ಲಿ ಇಂದಿಗೂ ಉಳಿದಿರುವ ಕಾಡುಪಾಪ ಸಾಕ್ಷಿ. ನೆಲಕ್ಕೆ ಇಳಿಯಲು ಹೆದರುವ ಈ ನಿಶಾಚರಿಗೆ ಕೊಂಬೆಗೆ ಕೊಂಬೆ ತಾಗಿರಬೇಕು. ನಡುವೆ ಹತ್ತು ಮೀಟರಿನ ರಸ್ತೆಯೊಂದು ಬಂದರೂ ಅದರ ಲೋಕ ಎರಡಾಗುತ್ತದೆ.

ಇನ್ನು ಮಾವಿನ ಕಡೆ ಬರೋಣ. ಪ್ರಾಣಿಗಳನ್ನು ಪೂರ್ತಿ ಬದಿಗಿಟ್ಟು ನೋಡಿದರೂ ಮಾವು ಎಷ್ಟು ಸೂಕ್ಷ್ಮದ ಬೆಳೆ ಎನ್ನುವುದು ನಿಚ್ಚಳ. ನಮ್ಮ ಬಯಲುಸೀಮೆಯಲ್ಲಿ ಡಿಸೆಂಬರಿನಿಂದ ಫೆಬ್ರುವರಿವರೆಗೆ ಹೂ. ಅದಕ್ಕೆ ಮುಂಚೆ ಚಿಗುರು ಬಲಿತಿರಬೇಕು, ಮಣ್ಣು ಒಣಗಿರಬೇಕು, ರಾತ್ರಿ ತಂಪಾಗಿರಬೇಕು. 2021ರ ನವೆಂಬರಿನಲ್ಲಿ ಕೋಲಾರದ ಕೆರೆಗಳು ಕೋಡಿ ಬಿದ್ದವು. ಜನರಿಗೆ ಸಂಭ್ರಮವಾಗಿದ್ದ ಅಂಥ ಮಳೆ ಮಾವಿನ ಮರಕ್ಕೆ ಹೂವಿನ ಬದಲು ಎಳೆ ಎಲೆ ಚಿಗುರಿಸುವ ಸೂಚನೆ. ಹೂ ಬಂದ ಮೇಲೂ ಗಂಡಾಂತರ ಮುಗಿಯುವುದಿಲ್ಲ. ಒಂದೇ ಗೊಂಚಲಿನಲ್ಲಿ ಗಂಡು ಹೂಗಳೂ ದ್ವಿಲಿಂಗಿ ಹೂಗಳೂ ಬೆರೆತಿರುತ್ತವೆ, ಕಾಯಿ ಕಟ್ಟಬಲ್ಲದ್ದು ಎರಡನೆಯದು ಮಾತ್ರ, ಮತ್ತು ಅವುಗಳ ಪ್ರಮಾಣವನ್ನು ಹವೆಯ ಬಿಸಿ–ತಂಪು ಬದಲಿಸುತ್ತದೆ. ಸಾವಿರಾರು ಹೂಗಳಿರುವ ಗೊಂಚಲಿನಲ್ಲಿ ಕಟಾವಿನವರೆಗೆ ಉಳಿಯುವುದು ಒಂದೋ ಎರಡೋ ಕಾಯಿ, ಎಷ್ಟೋ ಗೊಂಚಲುಗಳಲ್ಲಿ ಅದೂ ಇಲ್ಲ. ಹವಾಮಾನದ ಈ ಆಟಕ್ಕೆ ರೈತರು ಕಂಡುಕೊಂಡ ಉತ್ತರ ಕಲ್ಟಾರ್. ಬುಡಕ್ಕೆ ಹಾಕಿದರೆ ಚಿಗುರು ತಡೆದು ಹೂ ತರಿಸುವ ರಾಸಾಯನಿಕ. ಹೂವನ್ನು ಹೊರಡಿಸುವುದಷ್ಟೇ ಕಲ್ಟಾರಿನಿಂದ ಆಗುವ ಕೆಲಸ. ಆ ಹೂವಿನ ಮೇಲೆ ಬಂದು ಕೂರಬೇಕಾದ ನೊಣ, ಜೇನನ್ನು ಅದು ತರಲಾರದು. ಸರ್ಕಾರದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಮಾವೂ ಇದೆ, ಅಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆ, ಉಷ್ಣಾಂಶದಂಥ ಅಳತೆಗಳ ಮೇಲೆ. ಮಾವನ್ನು ಮೊದಲು ಕೆಡಿಸುವುದು ಹವೆ ಎಂದು ಕಾಗದದ ಮೇಲೆ ಒಪ್ಪಿಕೊಂಡೇ ಆಗಿದೆ.

ಮಾವಿನ ಪರಾಗಸ್ಪರ್ಶದ ಬಹುಪಾಲು ನಡೆಯುವುದು ನೊಣಗಳಿಂದ ಮತ್ತು ಜೇನುಗಳಿಂದ. ಈ ಕೆಲಸಗಾರರ ಆರೋಗ್ಯದ ಬಗ್ಗೆ ನಮ್ಮಲ್ಲೇ ನಡೆದ ಒಂದು ಒಳ್ಳೆಯ ಸಂಶೋಧನೆಯಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೀತಾ ತಿಮ್ಮೇಗೌಡ ಮತ್ತವರ ತಂಡ ನಗರದ ಬೇರೆ ಬೇರೆ ಮಟ್ಟದ ಮಾಲಿನ್ಯದ ತಾಣಗಳಿಂದ ಸಾವಿರಕ್ಕೂ ಹೆಚ್ಚು ಹೆಜ್ಜೇನುಗಳನ್ನು ಪರೀಕ್ಷಿಸಿತು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ದೂಳಿನ ಕಣ ಹೆಚ್ಚಿದ್ದ ಕಡೆ ಹೂವಿಗೆ ಬರುವ ಜೇನುಗಳ ಸಂಖ್ಯೆ ಕಡಿಮೆ. ಅಲ್ಲಿನ ಜೇನುಗಳ ಹೃದಯ ಬಡಿತದ ಲಯವೂ ಕೆಟ್ಟಿತ್ತು. ಮಧ್ಯಮ ಮತ್ತು ಹೆಚ್ಚು ಮಾಲಿನ್ಯದ ತಾಣಗಳಿಂದ ಹಿಡಿದು ತಂದ ಜೇನುಗಳಲ್ಲಿ ಶೇ 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತವು. ಕೀಟನಾಶಕ ಸಿಂಪಡಿಸಿದ ತೋಟಗಳಲ್ಲಲ್ಲ, ನಾವು ದಿನಾ ಉಸಿರಾಡುವ ಗಾಳಿಯಲ್ಲಿ ಇದು ಆದದ್ದು. ಹಾಗೆಂದು ಶ್ರೀನಿವಾಸಪುರದ ಮಾವಿನ ಇಳುವರಿ ಬೆಂಗಳೂರಿನ ಹೊಗೆಯಿಂದ ಇಂತಿಷ್ಟು ಇಳಿದಿದೆ ಎಂದು ಹೇಳಲಾಗದು. ಆ ಅಧ್ಯಯನ ಅಷ್ಟು ದೂರ ಹೋಗಿಲ್ಲ. ಆದರೆ ಹೊಸಕೋಟೆ, ದೇವನಹಳ್ಳಿ, ಆನೇಕಲ್ಲಿನ ತೋಟಗಳು ಈಗ ನಗರದ ಗಾಳಿಯೊಳಗೇ ಇವೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ, ಭೌಗೋಳಿಕ ಗುರುತು ಪಡೆದ ದೇವನಹಳ್ಳಿ ಚಕ್ಕೋತದ ಮರಗಳಿಗೆ ನೆಲದ ಬೆಲೆಯೇ ಶತ್ರುವಾಗಿರುವಾಗ, ಉಳಿದ ಮರಗಳ ಹೂವಿಗೆ ಜೇನು ಬರುವುದೂ ಕಷ್ಟವಾದರೆ ಹೊಡೆತ ಎರಡು.

ರಾತ್ರಿಯ ಬೆಳಕಿನ ಮಾತು ಎತ್ತಿದರೆ ನಗರವಾಸಿಗಳಿಗೆ ಅದು ಸುಖಿಗಳ ಕೊರಗು ಅನ್ನಿಸುವುದುಂಟು. ಸ್ವಿಟ್ಜರ್ಲೆಂಡಿನಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ಆ ಅನಿಸಿಕೆಯನ್ನು ಬದಲಿಸಬೇಕು. ಕತ್ತಲ ಹುಲ್ಲುಗಾವಲುಗಳಲ್ಲಿ ಬೀದಿದೀಪ ನೆಟ್ಟಾಗ ಹೂವಿಗೆ ರಾತ್ರಿ ಬರುವ ಕೀಟಗಳ ಭೇಟಿ ಶೇ 62ರಷ್ಟು ತಗ್ಗಿತು. ಅಲ್ಲಿ ಪರೀಕ್ಷಿಸಿದ ಒಂದು ಗಿಡದಲ್ಲಿ ಕಾಯಿ ಕಟ್ಟುವುದು ಶೇ 13ರಷ್ಟು ಇಳಿಯಿತು. ಹಗಲಿನಲ್ಲಿ ಕೀಟಗಳು ಎಂದಿನಂತೆ ಬರುತ್ತಿದ್ದರೂ ಆ ಕೊರತೆ ತುಂಬಲಿಲ್ಲ. ಕೋಸ್ಟರಿಕದಲ್ಲಿ ಹಣ್ಣು ತಿನ್ನುವ ಸಣ್ಣ ಬಾವಲಿಗಳು ಬೆಳಕಿರುವ ಕಡೆಯ ಹಣ್ಣನ್ನು ಆದಷ್ಟೂ ಬಿಟ್ಟು ಕತ್ತಲಿನ ಹಣ್ಣನ್ನೇ ಆರಿಸಿಕೊಂಡದ್ದು 2014ರ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಹಾಗಿದ್ದರೆ ತೋಟಕ್ಕೆಲ್ಲ ದೀಪ ಹಾಕಿದರೆ ಬಾವಲಿ ಬಾರದಲ್ಲ ಎಂದು ಯಾರಾದರೂ ಹೇಳಬಹುದು, ಹೇಳುತ್ತಲೂ ಇದ್ದಾರೆ. ದೀಪಕ್ಕೆ ಅಂಜದ ಜಾತಿಗಳೂ ಇವೆ ಎಂಬುದು ಒಂದು ಮಾತು. ಬಾವಲಿ ಬಾರದ ಕಡೆ ಬೀಜವೂ ಬೀಳುವುದಿಲ್ಲ, ದೀಪದ ಸುತ್ತ ಕೀಟ ಮಾತ್ರ ಮುತ್ತುತ್ತದೆ ಎಂಬುದು ಇನ್ನೊಂದು. ನಮ್ಮ ಹೆಜ್ಜೇನಿಗೆ ಬೆಳದಿಂಗಳಿನಲ್ಲಿ ಹೊರಗೆ ಹೋಗಿ ಮೇವು ತರುವ ಅಭ್ಯಾಸವಿದೆ. ಎತ್ತರದ ಕಟ್ಟಡಗಳ ಅಂಚಿಗೆ ತಟ್ಟೆ ಕಟ್ಟಿದ ಹೆಜ್ಜೇನು ರಾತ್ರಿ ಬಾಲ್ಕನಿಯ ದೀಪಕ್ಕೆ ಬಂದು ಬಿದ್ದು ಒದ್ದಾಡುವುದು ಅದೇ ಅಭ್ಯಾಸ ದಾರಿ ತಪ್ಪಿದಾಗ. ಮರುದಿನ ಕೀಟ ನಿಯಂತ್ರಣದವರನ್ನು ಕರೆಸಿ ಇಡೀ ಹುಟ್ಟನ್ನೇ ಸುಡಿಸುತ್ತಾರೆ. ದೀಪವನ್ನು ಕೆಳಮುಖ ಮಾಡಿ, ಬಣ್ಣವನ್ನು ಬಿಳಿಯಿಂದ ಹಳದಿಗೆ ತಂದಿದ್ದರೆ ಸಾಕಾಗುತ್ತಿತ್ತೇನೋ ಎಂದು ಯೋಚಿಸುವವರು ಕಡಿಮೆ.

ಬಿಸಿಲು ಬಾವಲಿ, ಮಾವು ಎರಡರ ಮೇಲೂ ಒಟ್ಟಿಗೆ ಕೈಯಿಡುತ್ತದೆ. 2018ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಪ್ರದೇಶದಲ್ಲಿ ಉಷ್ಣಾಂಶ 42 ಡಿಗ್ರಿ ದಾಟಿದ ಎರಡು ದಿನಗಳಲ್ಲಿ ಸುಮಾರು 23,000 ಹಣ್ಣುಬಾವಲಿಗಳು ಮರದಿಂದ ಉದುರಿ ಸತ್ತವು. ಆ ಜಾತಿಯ ಆಸ್ಟ್ರೇಲಿಯಾದ ಸಂಖ್ಯೆಯಲ್ಲಿ ಅದು ಸುಮಾರು ಮೂರನೇ ಒಂದು. ಬೆಂಗಳೂರಿನ ಈವರೆಗಿನ ದಾಖಲೆ 2016ರ ಏಪ್ರಿಲಿನ 39.2 ಡಿಗ್ರಿ, ಆದ್ದರಿಂದ ಇಲ್ಲಿನ ಬಾವಲಿಗೆ ಇನ್ನೂ ಒಂದಿಷ್ಟು ಅಂತರವಿದೆ. ಮಾವಿನ ಕಾಯಿಗೆ ಅಷ್ಟು ಅಂತರ ಇಲ್ಲ. ಹೊರಗೆ ಚೆಂದಗೆ ಕಾಣುವ ಬಾದಾಮಿ ಮಾವನ್ನು ಕೊಯ್ದರೆ ಒಳಗೆ ತಿರುಳು ಸ್ಪಂಜಿನಂತೆ ಬೆಳ್ಳಗೆ, ಹುಳಿಯಾಗಿ ಕೂತಿರುವುದು ಮಾವು ತಿನ್ನುವ ಎಲ್ಲರಿಗೂ ಗೊತ್ತು. ಕಾಯಿ ಬಲಿಯುವ ಹೊತ್ತಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗೂ ಈ ದೋಷಕ್ಕೂ ಸಂಬಂಧ ಇರುವುದನ್ನು ಸಂಶೋಧಕರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಮರದ ಕೆಳಗೆ ಒಣಹುಲ್ಲು, ತರಗೆಲೆಯ ಹೊದಿಕೆ ಹಾಕಿದರೆ ಅದು ತಗ್ಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ದೋಷಕ್ಕೆಂದೇ ಒಂದು ದ್ರಾವಣವನ್ನೂ ರೂಪಿಸಿದೆ. ಬುಡದ ತರಗೆಲೆಯನ್ನು ಗುಡಿಸಿ ಸುಟ್ಟು, ಆಮೇಲೆ ದ್ರಾವಣ ಕೊಳ್ಳುವುದು ನಮ್ಮ ಕಾಲದ ಬೇಸಾಯ.

ಇಷ್ಟೆಲ್ಲ ನಷ್ಟಗಳಾದ ಮೇಲೆ ಬಾವಲಿಯ ಪಾಲಿಗೆ ಉಳಿಯುವುದೆಷ್ಟು? ಬಾವಲಿ ಮಾಗಿದ ಹಣ್ಣಿನ ಪ್ರಾಣಿ. ಅದು ಬರುವುದು ವಾಸನೆಗೆ. ತಿರುಳನ್ನು ಜಗಿದು ರಸ ಹೀರಿ ನಾರನ್ನು ಉಗುಳುತ್ತದೆ. ಮಾರುಕಟ್ಟೆಯ ಮಾವನ್ನಾದರೋ ನಾವು ಬಲಿತ ಕಾಯಿಯಾಗಿರುವಾಗಲೇ ಕೊಯ್ದು, ಮಂಡಿಗೆ ಸಾಗಿಸಿ, ಆಮೇಲೆ ಹಣ್ಣು ಮಾಡುತ್ತೇವೆ. ರಸದ ಕಾರ್ಖಾನೆಗೆ ಹೋಗುವ ತೋತಾಪುರಿಯದ್ದೂ ಅದೇ ದಾರಿ. ಹಾಗಾಗಿ ಬಾವಲಿಗೆ ಸಿಗುವುದು ಕೊಯ್ಲಿನಲ್ಲಿ ಬಿಟ್ಟುಹೋದ, ಮರದಲ್ಲೇ ಮಾಗಿದ ಹಣ್ಣು. ದ್ರಾಕ್ಷಿಯ ವಿಷಯ ಬೇರೆ. ಬೆಂಗಳೂರು ನೀಲಿ ದ್ರಾಕ್ಷಿ ಬಳ್ಳಿಯಲ್ಲೇ ಹಣ್ಣಾಗಬೇಕು, ಒಂದು ಗೊಂಚಲಿನ ನಾಲ್ಕು ಕಾಯಿ ಕಚ್ಚಿದರೂ ಇಡೀ ಗೊಂಚಲು ಕೊಳೆಯುತ್ತದೆ; ಅಲ್ಲಿ ಬೆಳೆಗಾರರ ನಷ್ಟ ನಿಜಕ್ಕೂ ದೊಡ್ಡದು. ಸೀಬೆಯದ್ದೂ ಹೆಚ್ಚುಕಡಿಮೆ ಹಾಗೇ. ಅಂದರೆ ದೂರು ಎಲ್ಲ ಬೆಳೆಗಳಿಗೂ ಒಂದೇ ತೂಕದ್ದಲ್ಲ, ಆದರೆ ಆಪಾದನೆ ಮಾತ್ರ ಎಲ್ಲ ಕಡೆ ಒಂದೇ ತೂಕದ್ದು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆಯಲ್ಲಿ ಈಗ ಕೋತಿಯ ಜಾಗದಲ್ಲಿ ನಾವಿದ್ದೇವೆ, ಮೇಕೆಯ ಜಾಗಕ್ಕೆ ಕೋತಿಯನ್ನೂ ಬಾವಲಿಯನ್ನೂ ತಂದು ಕೂರಿಸಿದ್ದೇವೆ.

ಅದೆಲ್ಲ ಸರಿ, ಎರಡೆಕರೆ ದ್ರಾಕ್ಷಿಯಿರುವ ರೈತನಿಗೆ ಪರಿಸರದ ಪಾಠ ಕೇಳಿ ಸಾಲ ತೀರಿಸಲಾದೀತೇ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಣ್ಣುಬಾವಲಿಗಳನ್ನು ಇಲಿ, ಕಾಗೆಗಳ ಜತೆ ಪೀಡಕಗಳ ಪಟ್ಟಿಗೆ ಸೇರಿಸಿತ್ತು. ಕೊಲ್ಲಲು ಯಾರ ಅನುಮತಿಯೂ ಬೇಕಿರಲಿಲ್ಲ. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಅರ್ಧ ಶತಮಾನ ಕಾನೂನು ಕೊಲ್ಲಲು ಬಿಟ್ಟಿದ್ದರೂ ರೈತರ ದೂರು ಕಡಿಮೆಯಾಗಲಿಲ್ಲ ಎಂಬುದನ್ನು ಗಮನಿಸಬೇಕು. ಕೊಲ್ಲುವ ದಾರಿಯನ್ನು ಕೊನೆತನಕ ನಡೆದು ನೋಡಿದ ದೇಶ ಮಾರಿಷಸ್. ಲಿಚಿ, ಮಾವಿನ ಬೆಳೆಗಾರರ ಒತ್ತಡಕ್ಕೆ ಮಣಿದ ಅಲ್ಲಿನ ಸರ್ಕಾರ 2015, 2016, 2018ರಲ್ಲಿ ಹತ್ತಾರು ಸಾವಿರ ಬಾವಲಿಗಳನ್ನು ಕೊಲ್ಲಿಸಿತು. ಬಾವಲಿ ಅಳಿವಿನಂಚಿಗೆ ಇನ್ನೊಂದು ಹೆಜ್ಜೆ ಹೋಯಿತು, ಹಣ್ಣಿನ ಉತ್ಪಾದನೆ ಏರಲಿಲ್ಲ. ಅಲ್ಲೇ ನಡೆದ ಅಧ್ಯಯನಗಳಲ್ಲಿ ಕೆಲಸಕ್ಕೆ ಬಂದದ್ದು ಮರಕ್ಕೆ ಸರಿಯಾಗಿ ಹೊದಿಸಿದ ಬಲೆ. ಆದ್ದರಿಂದ ದ್ರಾಕ್ಷಿ ಬೆಳೆಗಾರರಿಗೆ ಕೊಡಬೇಕಾದ್ದು ಉಪದೇಶವಲ್ಲ, ಬಲೆ. ಅದೂ ಪ್ರಾಣಿ ಸಿಕ್ಕಿಹಾಕಿಕೊಂಡು ಸಾಯದಂಥ, ಬಿಗಿಯಾಗಿ ಎಳೆದು ಕಟ್ಟುವ, ಸಣ್ಣ ಕಣ್ಣಿನ ಬಲೆ. ನಗರದವರ ತಪ್ಪಿನಿಂದ ಊಟ ಕಳೆದುಕೊಂಡ ಬಾವಲಿಯ ಖರ್ಚನ್ನು ಹಳ್ಳಿಯ ಬೆಳೆಗಾರನೊಬ್ಬನೇ ಹೊರಬೇಕೆನ್ನುವುದು ನ್ಯಾಯವಲ್ಲ, ಬಲೆಗೆ ಸಹಾಯಧನ ಬೇಕಿರುವುದು ಅದಕ್ಕಾಗಿ.

ಎರಡನೆಯ ಆಕ್ಷೇಪ ಭಯದ್ದು. 2018ರಲ್ಲಿ ಕೋಳಿಕ್ಕೋಡಿನಲ್ಲಿ ಬಾವಲಿಗಳಿಂದ ಬರುವ ನಿಪಾ ಸೋಂಕು ಕಾಣಿಸಿದಾಗ ಗಡಿಯ ಈಚೆಗೂ ಹಣ್ಣು ಕೊಳ್ಳುವವರು ಕೈ ಹಿಂದೆಗೆದರು, ಬಾವಲಿ ಇರುವ ಮರವನ್ನೇ ಕಡಿಯಿರಿ ಎಂಬ ಒತ್ತಾಯ ಕೇಳಿಬಂತು. ನಿಪಾ ಮೊದಲು ಕಂಡ ಮಲೇಷ್ಯಾದ 1998–99ರ ಕತೆಯೂ ಮಾವಿನ ಮರದ ಕೆಳಗೇ ನಡೆಯುತ್ತದೆ. ಅಲ್ಲಿನ ದೊಡ್ಡ ಹಂದಿ ಸಾಕಣೆ ಕೇಂದ್ರಗಳಲ್ಲಿ ಹೆಚ್ಚಿನ ಆದಾಯಕ್ಕೆಂದು ಕೊಟ್ಟಿಗೆಯ ಪಕ್ಕದಲ್ಲೇ ಮಾವು ಬೆಳೆದಿದ್ದರು. ಬಾವಲಿ ಅರ್ಧ ತಿಂದು ಬಿಟ್ಟ ಹಣ್ಣು ಹಂದಿಯ ಬಾಯಿಗೆ, ಹಂದಿಯಿಂದ ರೋಗ ಮನುಷ್ಯನಿಗೆ ಬಂತು. ನೂರಕ್ಕೂ ಹೆಚ್ಚು ಜನ ಸತ್ತರು, ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಲ್ಲಬೇಕಾಯಿತು. ಆಮೇಲೆ ಹಣ್ಣಿನ ಮರವನ್ನೂ ಹಂದಿಗೂಡನ್ನೂ ದೂರ ದೂರ ಇಡುವ ನಿಯಮ ಬಂತು. ಬಾವಲಿಗಳು ಇದ್ದಲ್ಲೇ ಇದ್ದರೂ ಮಲೇಷ್ಯಾದಲ್ಲಿ ನಿಪಾ ಮತ್ತೆ ಹಬ್ಬಿಲ್ಲ. ಇದಕ್ಕಿಂತ ಆಳದ ಪುರಾವೆ ಆಸ್ಟ್ರೇಲಿಯಾದ್ದು. ಪೆಗಿ ಈಬಿ ಮತ್ತು ರೈನಾ ಪ್ಲೌರೈಟ್ ಅವರ ತಂಡ 25 ವರ್ಷಗಳ ದಾಖಲೆ ಜೋಡಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನ, ನಿಪಾದ ಹತ್ತಿರದ ಬಂಧುವಾದ ಹೆಂಡ್ರಾ ವೈರಸ್ ಕುದುರೆಗಳಿಗೆ ಯಾವಾಗ ದಾಟುತ್ತದೆ ಎಂದು ನೋಡಿತು. ಎಲ್ ನಿನೋ ನಂತರ ಕಾಡಿನ ಹೂವಿನ ಮಕರಂದ ಬತ್ತಿದ ವರ್ಷ ಬಾವಲಿಗಳು ಸಣ್ಣ ಗುಂಪುಗಳಾಗಿ ಊರಿಗೆ, ತೋಟಕ್ಕೆ, ಕುದುರೆ ಮೇಯುವ ಹುಲ್ಲುಗಾವಲಿಗೆ ಬಂದವು. ಸೋಂಕು ದಾಟಿದ್ದು ಆಗ. ಚಳಿಗಾಲದಲ್ಲಿ ಉಳಿದ ಕಾಡಿನ ಮರಗಳು ಚೆನ್ನಾಗಿ ಹೂ ಬಿಟ್ಟ ವರ್ಷ ಬಾವಲಿಗಳು ಊರು ಬಿಟ್ಟು ಅಲ್ಲಿಗೆ ಹೋದವು, ಸೋಂಕು ದಾಟುವುದು ನಿಂತಿತು. ಹಸಿದ ಬಾವಲಿ ಅಪಾಯಕಾರಿ, ಮರ ಕಡಿದರೆ ಬಾವಲಿ ಹಸಿಯುತ್ತದೆ. ನಿಪಾ ಭಯದಿಂದ ಮರಕ್ಕೆ ಗರಗಸ ಹಾಕುವವರು ತಾವು ಹೆದರಿದ್ದನ್ನೇ ಮನೆಯ ಹತ್ತಿರಕ್ಕೆ ಕರೆಯುತ್ತಾರೆ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬೇಡಿ ಎಂಬ ಎಚ್ಚರಿಕೆ ಇದ್ದೇ ಇರಲಿ.

ಮೂರನೆಯ ಆಕ್ಷೇಪ ತೋಟಗಾರರದ್ದೇ, ಮತ್ತು ಬುದ್ಧಿವಂತಿಕೆಯದ್ದು: ತೋಟದ ಸುತ್ತ ಅತ್ತಿ, ಗೋಣಿ ನೆಟ್ಟರೆ ಇಲ್ಲದ ಪ್ರಾಣಿಗಳನ್ನೂ ಕರೆದಂತಾಗುವುದಿಲ್ಲವೇ? ಬೇಲಿಗೆ ಅಂಟಿಕೊಂಡು ನೆಟ್ಟರೆ ಹೌದು, ಆಗಬಹುದು. ಮೇ ತಿಂಗಳಲ್ಲಿ ರಸಪುರಿ ಮಾಗಿ ವಾಸನೆ ಹೊರಡುವಾಗ ಪಕ್ಕದ ಆಲ ಎಷ್ಟು ಹಣ್ಣು ಬಿಟ್ಟರೂ ಬಾವಲಿಯನ್ನು ಪೂರ್ತಿ ತಡೆಯಲಾರದು ಎನ್ನುವುದನ್ನು ಒಪ್ಪಿಕೊಳ್ಳಬೇಕು. ಆದರೆ ಇಲ್ಲಿ ಕೇಳುತ್ತಿರುವುದು ತೋಟದ ಬೇಲಿಯ ಮರಗಳಲ್ಲ. ಕೆರೆ ಏರಿ, ಗುಂಡುತೋಪು, ಗೋಮಾಳ, ರಸ್ತೆಬದಿ ಇವುಗಳ ಮೇಲೆ ಮೊದಲಿದ್ದ ಮರಗಳು. ಜತೆಗೆ ಪ್ರಾಣಿಗಳು ವಾಪಸ್ಸು ಕೊಡುವ ಲೆಕ್ಕವನ್ನೂ ಇಟ್ಟುನೋಡಬೇಕು. ಮಲೆನಾಡಿನ ಕೃಷಿಕರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಾವಲಿ ಸಿಪ್ಪೆಯ ರಸ ಹೀರಿ ಬೀಳಿಸಿದ ಅಡಿಕೆಯನ್ನು ಬೆಳಗ್ಗೆ ಎದ್ದು ಆರಿಸಿಕೊಳ್ಳುವುದು ಅಲ್ಲಿ ಹಳೆಯ ರೂಢಿ. ಕೇರಳದಲ್ಲಿ ಬಾವಲಿ ತಾಣಗಳ ಕೆಳಗೆ ಜನ ಗೋಡಂಬಿ, ಅಡಿಕೆ ಆಯ್ದುಕೊಳ್ಳುವುದನ್ನು 2015ರ ಅಧ್ಯಯನವೊಂದು ದಾಖಲಿಸಿದೆ. ಮಲೇಷ್ಯಾದ ತಿಯೋಮನ್ ದ್ವೀಪದಲ್ಲಿ ದುರಿಯನ್ ಹೂವಿಗೆ ಬಾವಲಿ ಬರುವುದನ್ನು ಕ್ಯಾಮೆರಾ ಇಟ್ಟು ನೋಡಿದಾಗ, ಹೂವನ್ನು ಹಾಳು ಮಾಡುತ್ತದೆಂದು ಬೈಸಿಕೊಳ್ಳುತ್ತಿದ್ದ ಪ್ರಾಣಿಯೇ ಪರಾಗಸ್ಪರ್ಶಕ್ಕೆ ಕಾರಣ ಎಂದು ಗೊತ್ತಾಯಿತು. ಮಾವಿಗೆ ಬಾವಲಿಯಿಂದ ಹಾಗೇನೂ ನೇರ ಉಪಕಾರವಿಲ್ಲ, ಇದೆ ಎಂದು ಹೇಳುವುದು ವಾದ ಗೆಲ್ಲಲು ಸುಳ್ಳು ಸೇರಿಸಿದಂತೆ. ಬೂರುಗ, ಹಿಪ್ಪೆಗಳಿಗೆ ಪರಾಗಸ್ಪರ್ಶದಲ್ಲಿ, ಅತ್ತಿಗೆ ಬೀಜ ಹರಡುವುದರಲ್ಲಿ ಇದೆ. ಆ ಮರಗಳು ಇದ್ದರೆ ಜೇನಿಗೆ, ನೊಣಕ್ಕೆ, ಹಕ್ಕಿಗೆ ಉಳಿದ ತಿಂಗಳುಗಳಲ್ಲೂ ನೆಲೆಯಿದೆ. ಅವು ಇದ್ದರೆ ಜನವರಿಯಲ್ಲಿ ಮಾವಿನ ಹೂವಿನ ಮೇಲೆ ಕೂರಲು ಯಾರಾದರೂ ಇರುತ್ತಾರೆ.

ಹೀಗಿರುವಾಗ ಕೋತಿ ಹಿಡಿದು ಬೇರೆಡೆ ಬಿಡುವ ಟೆಂಡರಿಗೆ ಸುರಿಯುವ ಹಣ ದಂಡ. ಖಾಲಿಯಾದ ಜಾಗಕ್ಕೆ ಇನ್ನೊಂದು ಗುಂಪು ಬರುತ್ತದೆ, ಬಿಟ್ಟ ಕಡೆಯವರು ಹೊಸದಾಗಿ ದೂರು ಕೊಡುತ್ತಾರೆ. ಅದಕ್ಕಿಂತ ಕಡಿಮೆ ಖರ್ಚಿನ, ಆದರೆ ಉದ್ಘಾಟನೆಯ ಫಲಕ ಹಾಕಿಸಲು ಬಾರದ ಕೆಲಸಗಳಿವೆ. ಹೆದ್ದಾರಿಗೆ ಮರ ಕಡಿದಾಗ ಬದಲಿಗೆ ನೆಡುವ ಸಸಿಗಳಲ್ಲಿ ಇಂತಿಷ್ಟು ಪಾಲು ಆಲ, ಅತ್ತಿ, ಬಸರಿ, ನೇರಳೆ ಇರಲೇಬೇಕು ಎಂಬ ಷರತ್ತು ಅಂಥದ್ದೊಂದು. ಆಲದ ದಪ್ಪ ಗೂಟ ನೆಟ್ಟರೂ ಬೇರು ಬಿಡುವುದರಿಂದ ಇಪ್ಪತ್ತು ವರ್ಷ ಕಾಯಬೇಕೆಂಬ ನೆಪ ಅರ್ಧ ಮಾತ್ರ ನಿಜ. ಉಳಿದ ಗುಂಡುತೋಪುಗಳನ್ನು ಪಂಚಾಯಿತಿಗಳು ಅಳೆಸಿ, ತೋಪು ಎಂದೇ ದಾಖಲಿಸಬೇಕು. ಮಾವು ಹೂ ಬಿಡುವ ಡಿಸೆಂಬರಿನಿಂದ ಫೆಬ್ರುವರಿವರೆಗೆ ತೋಟಗಳ ಅಂಚಿನ ಬಡಾವಣೆಗಳಲ್ಲಿ ನಡುರಾತ್ರಿಯ ನಂತರ ಅಲಂಕಾರದ ದೀಪ ಆರಿಸಿದರೆ ಯಾರ ಜೇಬಿಗೂ ನಷ್ಟವಿಲ್ಲ. ಎಲ್ಲ ಬಾವಲಿಗಳನ್ನೂ ಒಂದೇ ಎಂದು ನೋಡುವುದನ್ನೂ ಬಿಡಬೇಕು. ಕೋಲಾರದ ಹನುಮನಹಳ್ಳಿಯ ಕಲ್ಲುಗುಹೆಯಲ್ಲಿ ಕೀಟ ತಿಂದು ಬದುಕುವ ಒಂದು ಎಲೆಮೂಗಿನ ಬಾವಲಿಯಿದೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಅದು ಇಂದು ಲೋಕದಲ್ಲಿ ಬೇರೆಲ್ಲೂ ಉಳಿದಿರುವುದು ಗೊತ್ತಿಲ್ಲ, ಇರುವುದು ಇನ್ನೂರರ ಆಸುಪಾಸು. ಅದು ಯಾವ ಹಣ್ಣನ್ನೂ ಮುಟ್ಟುವುದಿಲ್ಲ, ಅದರ ಶತ್ರು ಗ್ರಾನೈಟ್ ಗಣಿಗಾರಿಕೆ. ಬಾವಲಿ ಎಂದರೆ ಹಣ್ಣುಗಳ್ಳ ಎಂಬ ಒಂದೇ ಹೆಸರಿನ ಕೆಳಗೆ ಅದನ್ನೂ ಸೇರಿಸಿಬಿಟ್ಟರೆ, ಮಾವಿನ ಜಿಲ್ಲೆಯ ಗುಡ್ಡಗಳನ್ನು ಒಡೆಯುವವರಿಗೆ ಅದಕ್ಕಿಂತ ಅನುಕೂಲದ ಮಾತು ಬೇರೆ ಬೇಕಿಲ್ಲ.